ಹಸಿರು ಬೇಲಿಯ ಗಿಡಗಳು: ನಾಮ, ಲಕ್ಷಣ, ಪರೀಕ್ಷೆ

ಹೊಲಕ್ಕೆ ಬೇಲಿ, ಊರಿಗೆ ಕೋಟೆ, ಪದಾರ್ಥಕ್ಕೆ ಲಕ್ಷಣ: ಇವು ಮೂರೂ ತಂತಮ್ಮ ಎಲ್ಲೆಯನ್ನು ಕಾಯುವಂಥವು. ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗುವಂತೆ ಲಕ್ಷಣವನ್ನರಿಯದ ಬುದ್ಧಿಗೆ ಭ್ರಾಂತಿ ನುಗ್ಗುತ್ತದೆ. ನಮ್ಮ ನಾಡಿನ ಹೊಲ, ತೋಟ, ಮಠ, ಶಾಲೆಗಳ ಸುತ್ತ ಬೇಲಿಯಾಗಿ ನಿಂತಿರುವ ಹಸಿರು ಗಿಡಗಳನ್ನು ಲಕ್ಷಣದಿಂದ ಗುರುತಿಸುವ ಬಗೆಯನ್ನು ನಿರೂಪಿಸುವುದು ಪ್ರಕೃತ ಲೇಖನದ ವಿಷಯ. ದಿನವೂ ಕಣ್ಣಿಗೆ ಬೀಳುವ ಈ ಗಿಡಗಳಲ್ಲಿ ಕೆಲವು ಔಷಧಿ, ಕೆಲವು ಘೋರ ವಿಷ. ಎರಡೂ ಒಂದೇ ಸಾಲಿನಲ್ಲಿ ನಿಂತು, ಒಂದೇ ಕತ್ತರಿಯಿಂದ ಒಂದೇ ಎತ್ತರಕ್ಕೆ ಸವರಲ್ಪಟ್ಟು, ದೂರದಿಂದ ನೋಡುವವರಿಗೆ ಒಂದೇ ಹಸಿರಾಗಿ ತೋರುತ್ತವೆ. ಆದುದರಿಂದ ಇವನ್ನು ಬೇರೆಬೇರೆಯಾಗಿ ಅರಿಯುವುದು ಕೇವಲ ವಿನೋದವಲ್ಲ, ಅವಶ್ಯಕ ವಿದ್ಯೆ.

ಬೇಲಿಗೆ ಯೋಗ್ಯವಾದ ಗಿಡ ಯಾವುದು?

'ಬೇಲಿ' ಎಂಬುದು ಅಚ್ಚಗನ್ನಡದ ಶಬ್ದ. ತಮಿಳಿನ 'ವೇಲಿ' ಇದರ ಸೋದರ. ಸಂಸ್ಕೃತದಲ್ಲಿ ಇದಕ್ಕೆ 'ವೃತಿ' ಎಂದು ಹೆಸರು. ಸುತ್ತುವರಿಯುವುದು ಎಂಬುದೇ ಅದರ ಧಾತ್ವರ್ಥ. ರೈತರು ಕಟ್ಟುವ ಬೇಲಿಯಲ್ಲಿ ಎರಡು ಬಗೆ. ಜಾಲಿ, ಬೋರೆ ಮೊದಲಾದ ಮುಳ್ಳುಗಳನ್ನು ಕಡಿದು ತಂದು ಒಟ್ಟುವ ಒಣಬೇಲಿ ಒಂದು. ನೆಲದಲ್ಲಿ ಬೇರೂರಿ ಬೆಳೆಯುವ ಹಸಿರು ಬೇಲಿ ಇನ್ನೊಂದು. ಒಣಬೇಲಿಯನ್ನು ಗೆದ್ದಲು ತಿನ್ನುತ್ತದೆ, ಮಳೆ ಕೊಳೆಯಿಸುತ್ತದೆ. ಮತ್ತೆ ಮತ್ತೆ ಹೊಸದಾಗಿ ಕಟ್ಟಬೇಕಾಗುತ್ತದೆ. ಹಸಿರು ಬೇಲಿಯಾದರೋ ವರ್ಷ ಕಳೆದಂತೆ ದಟ್ಟವಾಗುತ್ತ ಹೋಗುತ್ತದೆ.

ಎಲ್ಲ ಗಿಡವೂ ಬೇಲಿಯಾಗಲಾರದು. ಬೇಲಿಯ ಗಿಡಕ್ಕೆ ನಾಲ್ಕು ಗುಣಗಳು ಬೇಕು. ಬುಡದಿಂದಲೇ ಕವಲೊಡೆಯಬೇಕು. ಕತ್ತರಿಸಿದಷ್ಟೂ ಚಿಗುರಬೇಕು. ವರ್ಷವಿಡೀ ಎಲೆ ಹೊತ್ತಿರಬೇಕು. ದನ, ಕುರಿ, ಆಡುಗಳು ಅದನ್ನು ಮೇಯಬಾರದು. ಮೂರನೆಯ ಗುಣವನ್ನೇ ನಿತ್ಯಹರಿದ್ವರ್ಣವೆಂದು ಶಾಸ್ತ್ರಜ್ಞರು ಕರೆಯುತ್ತಾರೆ. ನಿತ್ಯಹರಿದ್ವರ್ಣದ ಗಿಡವು ಎಲೆಯನ್ನು ಉದುರಿಸುವುದೇ ಇಲ್ಲವೆಂದು ಇದರ ಅರ್ಥವಲ್ಲ. ಹಳೆಯ ಎಲೆ ಒಂದೊಂದಾಗಿ ಉದುರುವ ಹೊತ್ತಿಗೆ ಹೊಸ ಎಲೆ ಮೂಡಿರುವುದರಿಂದ ಗಿಡವು ಎಂದಿಗೂ ಬೋಳಾಗದೆಂದು ಮಾತ್ರ ತಿಳಿಯತಕ್ಕದ್ದು.

ನಾಲ್ಕನೆಯ ಗುಣವು ವಿಶೇಷವಾಗಿ ವಿಚಾರಣೀಯ. ಹಸಿದ ಪಶುವು ಹಸಿರೆಲೆಯನ್ನು ಬಿಟ್ಟು ಹೋಗಬೇಕಾದರೆ ಕಾರಣವೊಂದಿರಬೇಕು. ಆ ಎಲೆ ಕಹಿಯಾಗಿರಬೇಕು, ಅಂಟಾಗಿರಬೇಕು, ಕಟುವಾದ ವಾಸನೆಯುಳ್ಳದ್ದಾಗಿರಬೇಕು, ಮುಳ್ಳಿನ ಕಾವಲುಳ್ಳದ್ದಾಗಿರಬೇಕು, ಇಲ್ಲವೇ ವಿಷವಾಗಿರಬೇಕು. ನಮ್ಮ ಹಿರಿಯರು ಮೇವಿಗೊದಗದ ಗಿಡಗಳನ್ನೇ ಆರಿಸಿ ಬೇಲಿಗೆ ನೆಟ್ಟರು. ಮದ್ದಿನ ಸತ್ತ್ವವೂ ವಿಷದ ಸತ್ತ್ವವೂ ಇರುವುದು ಬಹುಮಟ್ಟಿಗೆ ಇಂಥ ಗಿಡಗಳಲ್ಲಿಯೇ. ಬೇಲಿಯ ಸಾಲಿನಲ್ಲಿ ಔಷಧಿಯೂ ವಿಷವೂ ನೆರೆಹೊರೆಯಾಗಿ ನಿಂತಿರುವುದು ಆಕಸ್ಮಿಕವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೆಸರೊಂದೇ ಸಾಲದು

ಹೆಸರನ್ನು ಮಾತ್ರ ಅರಿತು ಗಿಡವನ್ನು ಅರಿಯದಿರುವುದರಿಂದ ಆಗುವ ತೊಡಕಿಗೆ ಇತ್ತೀಚಿನ ಒಂದು ನಿದರ್ಶನವುಂಟು. 2024ರ ಮೇ ತಿಂಗಳಿನಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ ಪ್ರಸಾದಗಳಲ್ಲಿ 'ಅರಳಿ' ಹೂವನ್ನು ಬಳಸಬಾರದೆಂದು ನಿರ್ಧರಿಸಿದವು. ಆ ಗಿಡದ ವಿಷದಿಂದ ಯುವತಿಯೊಬ್ಬಳು ಮೃತಳಾದಳೆಂಬ ವಾರ್ತೆಯೇ ಇದಕ್ಕೆ ಕಾರಣ. ಈ ಸುದ್ದಿಯನ್ನು ಓದಿದ ಕನ್ನಡಿಗನಿಗೆ ಮೊದಲು ನೆನಪಾಗುವುದು ಕಟ್ಟೆಯ ಮೇಲಿನ ಅಶ್ವತ್ಥವೃಕ್ಷ. ಏಕೆಂದರೆ ಕನ್ನಡದಲ್ಲಿ ಅರಳಿಯೆಂದರೆ ಅಶ್ವತ್ಥ. ಮಲಯಾಳ, ತಮಿಳುಗಳಲ್ಲಿಯಾದರೋ ಅರಳಿಯೆಂದರೆ ನಮ್ಮ ಕಣಗಿಲೆ. ಒಂದು ಹೆಸರು, ಎರಡು ಗಿಡ. ಒಂದು ಪ್ರದಕ್ಷಿಣೆಗೆ ಯೋಗ್ಯವಾದ ಮರ, ಇನ್ನೊಂದು ಹೃದಯವನ್ನೇ ನಿಲ್ಲಿಸಬಲ್ಲ ವಿಷ. ನೆರೆಯ ಭಾಷೆಯ ಸುದ್ದಿಯೊಂದು ಗಡಿ ದಾಟುವಷ್ಟರಲ್ಲಿ ಅರ್ಥವೇ ತಲೆಕೆಳಗಾಯಿತು.

ಕನ್ನಡದೊಳಗೂ ಇಂಥ ಗೊಂದಲವುಂಟು. ಹಳೆಯ ಮೈಸೂರು ಸೀಮೆಯಲ್ಲಿ 'ಗೋರಂಟಿ' ಎಂದರೆ ಕೈಗೆ ಬಣ್ಣ ಕಟ್ಟುವ ಗಿಡ. ಅದನ್ನೇ ಬೇರೆ ಕಡೆ ಮದರಂಗಿಯೆಂದೂ ಮೆಹಂದಿಯೆಂದೂ ಕರೆಯುವರು. ಆದರೆ ಹಳದಿ ಹೂವಿನ 'ಮುಳ್ಳುಗೋರಂಟಿ' ಎಂಬುದು ಸಂಸ್ಕೃತದ ಕುರಂಟಕ. ಅದಕ್ಕೂ ಮದರಂಗಿಗೂ ಯಾವ ಬಾಂಧವ್ಯವೂ ಇಲ್ಲ. 'ಆಡುಮುಟ್ಟದ ಗಿಡ'ವೆಂದರೆ ಆಡುಸೋಗೆಯ ಪೊದೆ. 'ಆಡುಮುಟ್ಟದ ಬಳ್ಳಿ'ಯೆಂದರೆ ಬೇರೊಂದು ಬಳ್ಳಿ. ಹೆಸರನ್ನು ಕೇಳಿ ಸೊಪ್ಪು ಕಿತ್ತು ಕಷಾಯ ಕಾಸುವವರು ಈ ಭೇದವನ್ನು ಅವಶ್ಯವಾಗಿ ತಿಳಿದಿರಬೇಕು.

ಹಾಗೆಂದು ಹೆಸರು ವ್ಯರ್ಥವೆಂದು ತಿಳಿಯಲಾಗದು. ಪೂರ್ವಿಕರು ಇಟ್ಟ ಹೆಸರುಗಳಲ್ಲಿ ಲಕ್ಷಣವೇ ಅಡಗಿರುವುದುಂಟು. ಅಮರಕೋಶದ ದ್ವಿತೀಯ ಕಾಂಡದ ವನೌಷಧಿವರ್ಗವನ್ನು ನೋಡಿದರೆ ಇದು ವಿಶದವಾಗುತ್ತದೆ. ಕರವೀರ, ಎಂದರೆ ಕಣಗಿಲೆಗೆ, ಅಲ್ಲಿ 'ಹಯಮಾರಕ'ವೆಂಬ ಪರ್ಯಾಯನಾಮವಿದೆ. ಕುದುರೆಯನ್ನು ಕೊಲ್ಲುವಂಥದು ಎಂದು ಅರ್ಥ. ಆಡುಸೋಗೆಗೆ 'ವೈದ್ಯಮಾತೃ' ಎಂದೂ 'ಸಿಂಹಾಸ್ಯ'ವೆಂದೂ ಹೆಸರುಗಳಿವೆ. ಮೊದಲನೆಯದು ಅದರ ಔಷಧಗುಣವನ್ನೂ ಎರಡನೆಯದು ಬಾಯಿ ತೆರೆದ ಸಿಂಹದಂತೆ ತೋರುವ ಹೂವಿನ ಆಕಾರವನ್ನೂ ಸೂಚಿಸುತ್ತವೆ. ಕಳ್ಳಿಗೆ 'ಸಮಂತದುಗ್ಧಾ' ಎಂದು ಹೆಸರು. ಎಲ್ಲಿ ಗೀರಿದರೂ ಹಾಲು ಸುರಿಯುವಂಥದು. ಕವಳಿಗೆ 'ಕೃಷ್ಣಪಾಕಫಲ'ವೆಂಬ ಹೆಸರುಂಟು. ಮಾಗಿದಾಗ ಕಪ್ಪಾಗುವ ಹಣ್ಣುಳ್ಳದ್ದು. ಹೆಸರನ್ನು ಬಿಡಿಸಿ ಅರ್ಥಮಾಡಿಕೊಂಡವನಿಗೆ ಅದೇ ಪಾಠ. ಬಾಯಿಪಾಠ ಮಾತ್ರ ಮಾಡಿದವನಿಗೆ ಅದು ಬರಿಯ ಧ್ವನಿ.

ನೋಡುವ ಕ್ರಮ

ನ್ಯಾಯಶಾಸ್ತ್ರವು ಯಾವುದೇ ವಿಷಯದ ನಿರೂಪಣೆಗೆ ಮೂರು ಹಂತಗಳನ್ನು ವಿಧಿಸುತ್ತದೆ: ಉದ್ದೇಶ, ಲಕ್ಷಣ, ಪರೀಕ್ಷೆ. ವಸ್ತುವನ್ನು ಹೆಸರಿಸುವುದು ಉದ್ದೇಶ. ಅದನ್ನು ಇತರ ವಸ್ತುಗಳಿಂದ ಬೇರ್ಪಡಿಸುವ ಅಸಾಧಾರಣ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣವು ಹೊಂದುವುದೋ ಇಲ್ಲವೋ ಎಂದು ಒರೆಹಚ್ಚಿ ನೋಡುವುದು ಪರೀಕ್ಷೆ. ಗಿಡವನ್ನು ಗುರುತಿಸಲು ಇದಕ್ಕಿಂತ ಉತ್ತಮವಾದ ಕ್ರಮವಿಲ್ಲ.

ಹೂವು ಕಾಯಿಗಳಿಂದ ಗಿಡವನ್ನು ಗುರುತಿಸುವುದು ಸುಲಭ. ಆದರೆ ಬೇಲಿಯ ಗಿಡವನ್ನು ಆಗಾಗ ಕತ್ತರಿಸುವುದರಿಂದ ಹೂಬಿಡುವ ತುದಿಗಳೇ ಹೋಗಿಬಿಡುತ್ತವೆ. ಆದಕಾರಣ ಎಲೆಯನ್ನೇ ಮುಖ್ಯ ಪ್ರಮಾಣವಾಗಿ ಹಿಡಿಯಬೇಕು. ನೋಡುವವನು ಐದು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳತಕ್ಕದ್ದು.

ಮೊದಲನೆಯದು, ಎಲೆಗಳ ಜೋಡಣೆ ಹೇಗಿದೆ? ಒಂದು ಗಿಣ್ಣಿನಲ್ಲಿ ಎರಡು ಎಲೆಗಳು ಎದುರುಬದುರಾಗಿದ್ದರೆ ಅಭಿಮುಖ ಜೋಡಣೆ. ಒಂದೊಂದೇ ಇದ್ದರೆ ಪರ್ಯಾಯ ಜೋಡಣೆ. ಮೂರು ಅಥವಾ ಹೆಚ್ಚು ಎಲೆಗಳು ಸುತ್ತಲೂ ನಿಂತಿದ್ದರೆ ಸುತ್ತುಜೋಡಣೆ. ಎರಡನೆಯದು, ಎಲೆ ಸರಳವೋ ಸಂಯುಕ್ತವೋ? ಎಲೆಯ ಬುಡದ ಕಂಕುಳಲ್ಲಿ ಮೊಗ್ಗಿರುತ್ತದೆ. ಸಂಯುಕ್ತ ಎಲೆಯ ಕಿರುಎಲೆಗಳ ಬುಡದಲ್ಲಿ ಮೊಗ್ಗಿರುವುದಿಲ್ಲ. ಈ ಒಂದು ಗುರುತಿನಿಂದ ಸಂಶಯ ನಿವಾರಣೆಯಾಗುತ್ತದೆ. ಮೂರನೆಯದು, ಎಲೆಯ ತೊಟ್ಟನ್ನು ಮುರಿದಾಗ ಹಾಲು ಒಸರುವುದೋ ಇಲ್ಲವೋ? ನಾಲ್ಕನೆಯದು, ಮುಳ್ಳಿದೆಯೋ, ಇದ್ದರೆ ಎಲ್ಲಿದೆ? ಐದನೆಯದು, ಎಲೆಯನ್ನು ಮುಟ್ಟಿದಾಗ ಅದು ನಯವೋ, ಒರಟೋ, ಅಂಟೋ. ಅದರ ವಾಸನೆ ಎಂಥದು? ರುಚಿ ನೋಡುವುದು ಮಾತ್ರ ಈ ಪರೀಕ್ಷೆಯಲ್ಲಿ ಸರ್ವಥಾ ನಿಷಿದ್ಧ.

ಔಷಧಿಯ ಸಾಲು

ಆಡುಸೋಗೆ: ಎಲೆಗಳು ಅಭಿಮುಖ, ಸರಳ, ಗೇಣುದ್ದದವರೆಗೂ ಬೆಳೆಯುವಂಥವು, ಎರಡು ಕಡೆಯೂ ಚೂಪಾದ ಭರ್ಜಿಯ ಆಕಾರ. ಹಾಲಿಲ್ಲ, ಮುಳ್ಳಿಲ್ಲ. ಹಿಸುಕಿದರೆ ಕಟುವಾದ ಕೆಟ್ಟ ವಾಸನೆ. ಹೂವು ಬಿಳಿದು, ಎರಡು ತುಟಿಯುಳ್ಳದ್ದು, ಕೆಳತುಟಿಯಲ್ಲಿ ನೇರಿಳೆ ಗೆರೆಗಳುಂಟು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಈ ಗಿಡವು ಅಪವಾದ. ಇದರ ಶಾಸ್ತ್ರೀಯ ನಾಮದಲ್ಲಿರುವ 'ಅಧಾತೋಡ' ಎಂಬ ಶಬ್ದವೂ ಆಡು ತೊಡದ, ಎಂದರೆ ಆಡು ಮುಟ್ಟದ ಎಂಬ ದ್ರಾವಿಡ ಮಾತಿನಿಂದಲೇ ಬಂದದ್ದು. ಕೆಮ್ಮು ಕಫಗಳಿಗೆ ಇದು ಪ್ರಸಿದ್ಧ ಔಷಧಿ. ಇದರಲ್ಲಿರುವ ವ್ಯಾಸಿಸಿನ್ ಎಂಬ ಸತ್ತ್ವವನ್ನು ಆಧರಿಸಿಯೇ ಇಂದಿನ ವೈದ್ಯರು ಕಫಕ್ಕೆ ಕೊಡುವ ಬ್ರೋಮ್‌ಹೆಕ್ಸಿನ್ ಎಂಬ ಮದ್ದು ರೂಪುಗೊಂಡಿತು. ಆದರೆ ಗರ್ಭಿಣಿಯರು ಇದನ್ನು ಸೇವಿಸಕೂಡದು.

ಲಕ್ಕಿ: ಎಲೆ ಅಭಿಮುಖ, ಸಂಯುಕ್ತ. ಅಂಗೈಯಿಂದ ಬೆರಳುಗಳು ಹೊರಟಂತೆ ಮೂರು ಅಥವಾ ಐದು ಕಿರುಎಲೆಗಳು. ಮೇಲುಭಾಗ ಹಸಿರು, ಕೆಳಭಾಗ ಬೂದಿ ಬಳಿದಂತೆ ಬೆಳ್ಳಗೆ. ಎಳೆಯ ಕಡ್ಡಿ ನಾಲ್ಕು ಮೂಲೆಯದು. ಹೂವು ತೆಳುನೀಲಿ. ವಾಸನೆಯಿಂದಲೇ ಇದನ್ನು ಕಣ್ಣುಮುಚ್ಚಿ ಗುರುತಿಸಬಹುದು. ಮೈಕೈ ನೋವಿಗೆ ಇದರ ಸೊಪ್ಪಿನ ಬಿಸಿನೀರು, ಕಾಳಿನ ಹುಳುವಿಗೆ ಇದರ ಒಣಗಿದ ಎಲೆ, ಬುಟ್ಟಿ ಹೆಣೆಯಲು ಇದರ ಕಡ್ಡಿ, ಹೀಗೆ ಸರ್ವಾಂಗವೂ ಉಪಯುಕ್ತ. ಸಂಸ್ಕೃತದಲ್ಲಿ ಇದು ನಿರ್ಗುಂಡೀ; ಶಾಸ್ತ್ರೀಯ ನಾಮವಾದ 'ನೆಗುಂಡೊ'ವಿನಲ್ಲಿ ಆ ಶಬ್ದದ ಛಾಯೆಯನ್ನು ಕಾಣಬಹುದು.

ಬಂದರೆ: ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಬರಗಾಲದಲ್ಲಿಯೂ ಹಸಿರಾಗಿರುವ ಗಿಡ. ಎಲೆ ಪರ್ಯಾಯ, ಸರಳ, ಬುಡದ ಕಡೆ ಕಿರಿದು. ಎಲೆಯ ಮೇಲೆ ಎಣ್ಣೆ ಸವರಿದಂಥ ಹೊಳಪಿದ್ದು, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಕಾಯಿಗೆ ಕಾಗದದಂಥ ತೆಳುವಾದ ರೆಕ್ಕೆಗಳಿರುವುದು ಇದರ ಅಸಾಧಾರಣ ಲಕ್ಷಣ.

ಗೋರಂಟಿ: ಎಲೆ ಅಭಿಮುಖ, ಸರಳ, ಚಿಕ್ಕದು, ನಯವಾದದ್ದು. ಹೂವು ಸಣ್ಣದು, ನಾಲ್ಕು ದಳದ್ದು, ಸುವಾಸಿತ. ಶಾಸ್ತ್ರಜ್ಞರು ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಇನರ್ಮಿಸ್', ಎಂದರೆ ಮುಳ್ಳಿಲ್ಲದ್ದು ಎಂದು ಹೆಸರಿಟ್ಟಿದ್ದಾರೆ. ಆದರೂ ಗಿಡ ಹಳೆಯದಾದಂತೆ ಕಿರುಕೊಂಬೆಗಳ ತುದಿ ಮುಳ್ಳಿನಂತೆ ಚೂಪಾಗುವುದುಂಟು. ಎಲೆಯನ್ನು ಅರೆದು ಕೈಗೆ ಹಚ್ಚಿದರೆ ಕೆಂಪು ಮೂಡುವುದೇ ಇದರ ನಿರ್ಣಾಯಕ ಪರೀಕ್ಷೆ.

ವಿಷದ ಸಾಲು

ಕಣಗಿಲೆ: ಎಲೆ ಉದ್ದ, ಕಿರಿದು, ತೊಗಲಿನಂತೆ ಗಟ್ಟಿ, ಸಾಮಾನ್ಯವಾಗಿ ಒಂದು ಗಿಣ್ಣಿನಲ್ಲಿ ಮೂರು ಎಲೆಗಳ ಸುತ್ತುಜೋಡಣೆ. ನಡುನರ ಎದ್ದುಕಾಣುತ್ತದೆ. ಮುರಿದಾಗ ಬರುವ ರಸ ನೀರಿನಂತೆ ತೆಳುವಾದದ್ದು. ಹೂವು ಕೆಂಪು, ಗುಲಾಬಿ ಅಥವಾ ಬಿಳಿ. ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಒಣಗಿಸಿದರೂ ಕುದಿಸಿದರೂ ವಿಷ ಹೋಗುವುದಿಲ್ಲ. ಹೃದಯದ ಬಡಿತದ ಲಯವನ್ನು ಕೆಡಿಸುವುದೇ ಇದರ ವಿಷದ ಬಗೆ. ಶಿವಪೂಜೆಯಲ್ಲಿ ಈ ಹೂವಿಗೆ ಪ್ರಾಶಸ್ತ್ಯವಿರುವುದರಿಂದ ಮಠಗಳ ಹೂದೋಟದಲ್ಲಿ ಇದು ಇದ್ದೇ ಇರುತ್ತದೆ. ಅದನ್ನು ಕಿತ್ತುಹಾಕಬೇಕಾದ ಅವಶ್ಯಕತೆಯಿಲ್ಲ. ಪೂಜೆಗೆ ಸಲ್ಲುವುದು ಬೇರೆ, ಬಾಯಿಗೆ ಸಲ್ಲುವುದು ಬೇರೆ ಎಂಬ ವಿವೇಕವನ್ನು ಮಕ್ಕಳಲ್ಲಿ ಮೂಡಿಸಿದರೆ ಸಾಕು.

ಹಳದಿ ಕಣಗಿಲೆ: ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದದ್ದು. ಎಲೆ ಕಣಗಿಲೆಯದಕ್ಕಿಂತಲೂ ಕಿರಿದು, ಹೊಳಪುಳ್ಳದ್ದು, ಪರ್ಯಾಯ ಜೋಡಣೆಯದು. ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಹೂವು ಆಲಿಕೆಯ ಆಕಾರದ ಹಳದಿ ಹೂ. ಕಾಯಿ ಮೂಲೆಗಳುಳ್ಳದ್ದು, ಹಸಿರಿನಿಂದ ಕಪ್ಪಿಗೆ ತಿರುಗುವಂಥದು. ಅದರ ಬೀಜ ಅತ್ಯಂತ ವಿಷ. ಮಕ್ಕಳು ಇದರ ಕಾಯಿಯನ್ನು ಆಟಕ್ಕೆ ಆರಿಸಿಕೊಳ್ಳುವುದರಿಂದ ಶಾಲೆಯ ಬೇಲಿಗೆ ಇದು ತಕ್ಕ ಗಿಡವಲ್ಲ.

ದುರಂತ: ಪಟ್ಟಣಗಳ ಉದ್ಯಾನಗಳಲ್ಲಿ ಹೊಂಬಣ್ಣದ ಎಲೆಯಿಂದ ಸೊಗಸಾಗಿ ಕಾಣುವ ಈ ಬೇಲಿಯೂ ಅಮೆರಿಕ ಮೂಲದ್ದು. ಎಲೆ ಅಭಿಮುಖ, ಅಂಚಿನಲ್ಲಿ ಕೆಲವೊಮ್ಮೆ ಹಲ್ಲುಗಳುಂಟು. ನೀಲಿ ಹೂಗೊಂಚಲು ಜೋಲುತ್ತದೆ. ಬಳಿಕ ಕಿತ್ತಳೆ ಬಣ್ಣದ ಮಣಿಯಂಥ ಹಣ್ಣುಗಳಾಗುತ್ತವೆ. ಹದಿನಾರನೆಯ ಶತಮಾನದ ಇಟಲಿಯ ವೈದ್ಯ ಕ್ಯಾಸ್ತೋರೆ ದುರಾಂತೆ ಎಂಬವನ ಸ್ಮರಣಾರ್ಥ ಇಟ್ಟ ಹೆಸರಿದು. ನಮ್ಮ ಭಾಷೆಯ 'ದುರಂತ'ಕ್ಕೂ ಅದಕ್ಕೂ ವ್ಯುತ್ಪತ್ತಿಯ ಸಂಬಂಧವಿಲ್ಲ. ಆದರೂ ಅದರ ಹಣ್ಣು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ವಿಷವಾಗಿರುವುದರಿಂದ ಕನ್ನಡದ ಅರ್ಥವನ್ನೇ ನೆನಪಿಟ್ಟುಕೊಳ್ಳುವುದು ಕ್ಷೇಮ.

ಕಡ್ಡಿಕಳ್ಳಿ: ಸೀಸದ ಕಡ್ಡಿಗಳಂತೆ ದುಂಡಾದ ಹಸಿರು ಕವಲುಗಳೇ ಇದರ ಶರೀರ. ಎಲೆ ಅತಿ ಚಿಕ್ಕದು, ಬೇಗ ಉದುರುವುದು. ಎಲೆಯ ಕೆಲಸವನ್ನು ಹಸಿರು ಕಡ್ಡಿಯೇ ಮಾಡುತ್ತದೆ. ಮುಳ್ಳಿಲ್ಲ. ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಲಕ್ಷಣದ ದೋಷಗಳು

ಒಂದೇ ಗುರುತನ್ನು ನಂಬಿ ತೀರ್ಮಾನಿಸುವುದು ಅಪಾಯಕರ. 'ಹಾಲಿರುವ ಗಿಡವೆಲ್ಲ ವಿಷ, ಹಾಲಿಲ್ಲದ್ದೆಲ್ಲ ನಿರ್ವಿಷ' ಎಂದು ಜನಸಾಮಾನ್ಯರು ಭಾವಿಸುವುದುಂಟು. ಕವಳಿಯ ಗಿಡವನ್ನು ನೋಡಿರಿ. ಎಲೆ ಅಭಿಮುಖ, ಹೊಳಪುಳ್ಳದ್ದು. ಮುಳ್ಳುಗಳು ಜೋಡಿಜೋಡಿಯಾಗಿ ನಿಂತಿರುತ್ತವೆ. ಮುರಿದರೆ ಹಾಲು ಬರುತ್ತದೆ. ಆದರೂ ಅದರ ಮಾಗಿದ ಹಣ್ಣನ್ನು ಮಕ್ಕಳು ತಿನ್ನುತ್ತಾರೆ, ಕಾಯಿಯಿಂದ ಉಪ್ಪಿನಕಾಯಿ ಹಾಕುತ್ತಾರೆ. ಕಣಗಿಲೆಯಲ್ಲಾದರೋ ಬಿಳಿಹಾಲು ಸುರಿಯದಿದ್ದರೂ ವಿಷವಿದೆ. ಇವೆರಡೂ ಒಂದೇ ಕುಟುಂಬಕ್ಕೆ ಸೇರಿದವೆಂಬುದು ಇನ್ನೂ ಗಮನಾರ್ಹ. ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಮೇಲಿನ ನಿಯಮಕ್ಕೆ ಕವಳಿಯಲ್ಲಿ ಅತಿವ್ಯಾಪ್ತಿ, ಕಣಗಿಲೆಯಲ್ಲಿ ಅವ್ಯಾಪ್ತಿ. ಆದುದರಿಂದ ಜೋಡಣೆ, ಎಲೆಯ ಬಗೆ, ಹಾಲು, ಮುಳ್ಳು, ವಾಸನೆ ಇವುಗಳಲ್ಲಿ ಮೂರಾದರೂ ಒಟ್ಟಿಗೆ ಹೊಂದಿದಾಗಲೇ ಹೆಸರನ್ನು ಹೇಳತಕ್ಕದ್ದು. ಆ ಬಳಿಕವೂ ಸಂಶಯ ಉಳಿದರೆ ಹೂವು ಕಾಯಿಗಳಿಗಾಗಿ ಕಾಯಬೇಕು. ಪ್ರತಿಯೊಂದು ಬೇಲಿಯಲ್ಲಿಯೂ ಮೂಲೆಯ ಒಂದು ಗಿಡವನ್ನು ಕತ್ತರಿಸದೆ ಬಿಟ್ಟರೆ ಅದು ಉಳಿದವುಗಳ ಪರಿಚಯಪತ್ರವಾಗುತ್ತದೆ.

ಯಾವ ಸೊಪ್ಪನ್ನಾದರೂ, ಕಾಯಿಯನ್ನಾದರೂ ಮಗು ಅರಿಯದೆ ತಿಂದಿತೆಂದು ತಿಳಿದೊಡನೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ, ವಾಂತಿ ಮಾಡಿಸುವ ಯತ್ನವನ್ನೂ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಜೊತೆಯಲ್ಲಿ ಆ ಗಿಡದ ಎಲೆಯುಳ್ಳ ಒಂದು ಕಡ್ಡಿಯನ್ನು ತಪ್ಪದೆ ಕೊಂಡೊಯ್ಯಬೇಕು. ವೈದ್ಯರಿಗೆ ಅದೇ ದಾರಿದೀಪ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಕಣ್ಣನ್ನು ಉಜ್ಜದೆ ಶುದ್ಧವಾದ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಬೇಲಿ ಹೊಲವಾದ ಬಗೆ

ಕಾಯಬೇಕಾದುದೇ ಕೆಡಿಸುವುದನ್ನು ಹೇಳಲು ಬಸವಣ್ಣನವರು ಬೇಲಿ ಮತ್ತು ಹೊಲದ ದೃಷ್ಟಾಂತವನ್ನು ಬಳಸಿದ್ದಾರೆ. ಅದು ಅಕ್ಷರಶಃ ಘಟಿಸಿದುದನ್ನು ಲಂಟಾನ ಗಿಡದಲ್ಲಿ ಕಾಣಬಹುದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದಕ್ಕೂ ಬೇಲಿಗೂ ಎಂದು ಭಾರತಕ್ಕೆ ತಂದ ಗಿಡವಿದು. ನಾಲ್ಕು ಮೂಲೆಯ ಮುಳ್ಳುಕಡ್ಡಿ, ಅಭಿಮುಖವಾದ ಒರಟು ಎಲೆ, ಒಂದೇ ಗೊಂಚಲಿನಲ್ಲಿ ಬಣ್ಣಬಣ್ಣದ ಹೂಗಳು ಇದರ ಗುರುತು. ಹಕ್ಕಿಗಳು ಹಣ್ಣನ್ನು ತಿಂದು ಬೀಜ ಹರಡಿದುದರಿಂದ ಅದು ಬೇಲಿಯನ್ನು ದಾಟಿ ಗೋಮಾಳಕ್ಕೆ, ಗೋಮಾಳದಿಂದ ಕಾಡಿಗೆ ನುಗ್ಗಿತು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡುಗಳಲ್ಲಿ ಹುಲ್ಲು ಬೆಳೆಯುವ ನೆಲವನ್ನು ಅದು ಆಕ್ರಮಿಸಿದೆ. ಅದರ ಸೊಪ್ಪು ತಿಂದ ದನಗಳಿಗೆ ಯಕೃತ್ತಿನ ಕಾಯಿಲೆ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಪೀಠೋಪಕರಣಗಳನ್ನು ಹೆಣೆದು ಕೇಡಿನಲ್ಲಿಯೂ ಉಪಯೋಗವನ್ನು ಕಂಡುಕೊಂಡಿರುವುದು ಶ್ಲಾಘನೀಯ. ಆದರೂ ನೆಡುವ ಮೊದಲು ಗಿಡದ ಸ್ವಭಾವವನ್ನು ಅರಿಯಬೇಕೆಂಬ ಪಾಠ ಇಲ್ಲಿ ಸ್ಪಷ್ಟವಾಗಿದೆ.

ಶಾಲೆಯ ಬೇಲಿ, ಶಾಲೆಯ ಪುಸ್ತಕ

ಇಂದು ಕಲ್ಲುಕಂಬ, ತಂತಿ, ಇಟ್ಟಿಗೆಯ ಗೋಡೆಗಳು ಹಸಿರು ಬೇಲಿಯ ಜಾಗವನ್ನು ಆಕ್ರಮಿಸುತ್ತಿವೆ. ಗೋಡೆಯಿಂದ ಭದ್ರತೆ ಹೆಚ್ಚಬಹುದು. ಆದರೆ ಗೋಡೆಯು ಮಕ್ಕಳಿಗೆ ಏನನ್ನೂ ಕಲಿಸದು. ಬೇಲಿಯೊಂದಿಗೆ ಅದರ ಹೆಸರುಗಳೂ, ಹೆಸರುಗಳೊಂದಿಗೆ ಅವುಗಳ ಲಕ್ಷಣಜ್ಞಾನವೂ ಮರೆಯಾಗುತ್ತವೆ. ಹೆಸರು ನೆನಪಿದ್ದು ಲಕ್ಷಣ ಮರೆತುಹೋದ ಸ್ಥಿತಿಯಂತೂ ಎರಡೂ ಮರೆತುಹೋದ ಸ್ಥಿತಿಗಿಂತ ಅಪಾಯಕರ. ಏನನ್ನೂ ಅರಿಯದವನು ಸೊಪ್ಪಿಗೆ ಕೈಹಾಕುವುದಿಲ್ಲ. ಅರ್ಧ ಅರಿತವನು ಹಾಕುತ್ತಾನೆ.

ಆದಕಾರಣ ಶಾಲೆಗಳು ಗೋಡೆಯ ಒಳಮಗ್ಗುಲಲ್ಲಾದರೂ ಹಸಿರು ಬೇಲಿಯೊಂದನ್ನು ಉಳಿಸಿಕೊಳ್ಳುವುದು ಉಚಿತ. ಆಡುಸೋಗೆ, ಲಕ್ಕಿ, ಬಂದರೆ, ಗೋರಂಟಿ, ದಾಸವಾಳ ಇವು ಅದಕ್ಕೆ ಯೋಗ್ಯವಾದವು. ಮಳೆಗಾಲದ ಮೊದಲಲ್ಲಿ ಕಡ್ಡಿ ನೆಟ್ಟರೆ ಆಡುಸೋಗೆ, ಲಕ್ಕಿಗಳು ಸುಲಭವಾಗಿ ಬೇರೂರುತ್ತವೆ. ಕತ್ತರಿಸುವಾಗ ಬುಡ ಅಗಲವಾಗಿಯೂ ತಲೆ ಕಿರಿದಾಗಿಯೂ ಇರುವಂತೆ ನೋಡಿಕೊಂಡರೆ ಕೆಳಗಿನ ಎಲೆಗಳಿಗೂ ಬಿಸಿಲು ತಾಗಿ ಬೇಲಿ ನೆಲದಿಂದಲೇ ದಟ್ಟವಾಗುತ್ತದೆ. ಕಣಗಿಲೆಯು ಪೂಜೆಯ ಹೂದೋಟದಲ್ಲಿ ಪ್ರತ್ಯೇಕವಾಗಿ, ಎಚ್ಚರಿಕೆಯ ಫಲಕದೊಂದಿಗೆ ಇರಲಿ. ಒಂದೊಂದು ತರಗತಿಗೆ ಬೇಲಿಯ ಒಂದೊಂದು ಭಾಗವನ್ನು ವಹಿಸಿ, ಗಿಡದ ಹೆಸರನ್ನೂ ಮೂರು ಲಕ್ಷಣಗಳನ್ನೂ ಮಕ್ಕಳಿಂದಲೇ ಬರೆಯಿಸಿ ಕಟ್ಟಿಸಬಹುದು. ಅಧ್ಯಾಪಕರಿಗೆ ಇದರಿಂದ ಕನ್ನಡ ಪಾಠವೂ ವಿಜ್ಞಾನ ಪಾಠವೂ ಏಕಕಾಲದಲ್ಲಿ ಲಭಿಸುತ್ತವೆ. ಶಾಲೆಗೆ ನೆರವು ನೀಡಲಿಚ್ಛಿಸುವ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಇದು ಅಲ್ಪವ್ಯಯದ, ಆದರೆ ದೀರ್ಘಫಲದ ಸೇವೆಯಾದೀತು.

ಹೆಸರು ಕಿವಿಯಿಂದ ಬರುತ್ತದೆ, ಲಕ್ಷಣ ಕಣ್ಣಿನಿಂದ ಬರುತ್ತದೆ, ವಿವೇಕವು ಎರಡನ್ನೂ ಹೋಲಿಸಿ ನೋಡುವ ಅಭ್ಯಾಸದಿಂದ ಬರುತ್ತದೆ. ಈ ಅಭ್ಯಾಸವನ್ನು ಬಾ‌ಲ್ಯದಲ್ಲಿಯೇ, ತರಗತಿಯ ಕಿಟಕಿಯಾಚೆ ನಿಂತಿರುವ ಗಿಡದ ಮುಂದೆಯೇ ಆರಂಭಿಸಿದರೆ ಬೇಲಿಯು ಹೊಲವನ್ನಷ್ಟೇ ಅಲ್ಲದೆ ಮಕ್ಕಳ ಪ್ರಾಣವನ್ನೂ ಕಾಯುವುದು.